ಯೋಧನ ಮೈಯಳತೆಗೆ ಯಂತ್ರ

ನಮ್ಮ ಸೇನೆಯ ಪಿನಾಕ ರಾಕೆಟ್ ವ್ಯವಸ್ಥೆಯ ಒಂದು ಲಾಂಚರ್ 44 ಸೆಕೆಂಡಿನಲ್ಲಿ 12 ರಾಕೆಟ್‌ಗಳನ್ನು ಹಾರಿಸಿ ಮುಗಿಸುತ್ತದೆ. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಅದನ್ನು ಕಂಡವರ ನೆನಪಿನಲ್ಲಿ ಉಳಿಯುವುದು ಎಂಟು ಗಾಲಿಯ ಟಾಟ್ರಾ ಲಾರಿ ಮತ್ತು ಅದರ ಬೆನ್ನಮೇಲೆ ಸಾಲಾಗಿ ಜೋಡಿಸಿದ ಕೊಳವೆಗಳು. ಕ್ಯಾಬಿನ್ನಿನಲ್ಲಿ ಕೂತವರ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಹಳ್ಳದಿಣ್ಣೆಯ ದಾರಿಯಲ್ಲಿ ಗಂಟೆಗಟ್ಟಲೆ ಕುಲುಕಾಡಿಸಿಕೊಂಡು ಬಂದ ಆ ಯೋಧರು, ಗಾಡಿ ನಿಂತ ಕೂಡಲೇ ಪರದೆಯ ಮೇಲಿನ ಅಂಕಿಗಳನ್ನು ತಪ್ಪಿಲ್ಲದೆ ಓದಬೇಕು. ಸರಿಯಾದ ಗುಂಡಿಯನ್ನೇ ಒತ್ತಬೇಕು. ಎದುರಾಳಿಯ ಫಿರಂಗಿ ಈ ಕಡೆ ತಿರುಗುವ ಮೊದಲು ಜಾಗ ಖಾಲಿ ಮಾಡಬೇಕು. ಹೊರಗೆ ಪೋಖ್ರಾನಿನ ಬಿಸಿಲಿರಬಹುದು, ಲಡಾಖಿನ ಚಳಿಯಿರಬಹುದು. ಕೈಗೆ ದಪ್ಪ ಗವಸು, ಕಿವಿಗೆ ಹೆಡ್‌ಸೆಟ್, ಕಣ್ಣಲ್ಲಿ ನಿದ್ದೆ.

ಆ ಯೋಧನ ಕುರ್ಚಿ ಎಷ್ಟು ಎತ್ತರದಲ್ಲಿರಬೇಕು? ಪರದೆ ಎಷ್ಟು ದೂರದಲ್ಲಿರಬೇಕು? ಯಾವ ಗುಂಡಿಯ ಪಕ್ಕ ಯಾವ ಗುಂಡಿ ಇರಬಾರದು? ಇವು ಬಡಗಿಯ ಲೆಕ್ಕಗಳಂತೆ ಕಂಡರೂ ಇವುಗಳ ಉತ್ತರ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕಾಲದ ಪ್ರಯೋಗಶಾಲೆಗಳಲ್ಲಿ. ಅದಕ್ಕೂ ಮೊದಲು ಅನೇಕ ವಿಮಾನಗಳು ನೆಲಕ್ಕೆ ಬೀಳಬೇಕಾಯಿತು. ಆ ಉತ್ತರಗಳು ಇವತ್ತು ಅತಿ ಹೆಚ್ಚು ಬೇಕಾಗಿರುವ ಊರುಗಳಲ್ಲಿ ನಮ್ಮ ನೆರೆಯ ಪುಣೆಯೂ ಒಂದು.

ಪುಣೆಯಿಂದ ಆಳಂದಿಗೆ ಹೋಗುವ ರಸ್ತೆಯಲ್ಲಿ ದಿಘಿ ಸಿಗುತ್ತದೆ. ಪ್ರತಿ ವರ್ಷ ಜ್ಞಾನೇಶ್ವರರ ಪಾಲಖಿಯ ಹಿಂದೆ ಲಕ್ಷಾಂತರ ವಾರಕರಿಗಳು ನಡೆದು ಬರುವ ದಾರಿ ಅದು. 1962ರಲ್ಲಿ ಸ್ಥಾಪನೆಯಾದ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಆರ್ ಅಂಡ್ ಡಿಇ (ಎಂಜಿನಿಯರ್ಸ್) ಸಂಸ್ಥೆ ಇರುವುದು ಅಲ್ಲಿ. ನದಿ ದಾಟಿಸುವ ಮಡಿಸು ಸೇತುವೆಗಳು, ಕ್ಷಿಪಣಿ ಲಾಂಚರ್‌ಗಳು, ಬಾಂಬ್ ನಿಷ್ಕ್ರಿಯಗೊಳಿಸುವ ರೋಬಾಟ್‌ಗಳು ಇಲ್ಲಿ ರೂಪುಗೊಂಡಿವೆ. ಊರಿನ ಇನ್ನೊಂದು ಮಗ್ಗುಲಲ್ಲಿ, ಪಾಷಾಣ್ ಎಂಬಲ್ಲಿ, ಶಸ್ತ್ರಾಸ್ತ್ರ ಸಂಶೋಧನಾಲಯ ಎಆರ್‌ಡಿಇ ಇದೆ. ಪಿನಾಕ ಹುಟ್ಟಿದ್ದು ಇಂಥ ಪ್ರಯೋಗಶಾಲೆಗಳ ಜಂಟಿ ದುಡಿಮೆಯಿಂದ. ಆಕಾಶ್ ಕ್ಷಿಪಣಿಯ ಲಾಂಚರ್ ದಿಘಿಯದು. ಅದಕ್ಕೆ ಗುರಿ ತೋರಿಸುವ ರಾಜೇಂದ್ರ ರೇಡಾರ್ ನಮ್ಮ ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆಯದು. ಇವೆಲ್ಲ ಗಾಲಿಯ ಮೇಲೋ ಚೈನಿನ ಮೇಲೋ ಓಡುವ ಯಂತ್ರಗಳು. ಎಲ್ಲದರ ಒಳಗೂ ಒಬ್ಬ ಮನುಷ್ಯ ಕೂತು ಕೆಲಸ ಮಾಡಬೇಕು. ಆ ಮನುಷ್ಯನನ್ನು ವಿಜ್ಞಾನ ಕಂಡುಕೊಂಡ ಬಗೆಯೇ ಈ ಕತೆ.

ದಣಿದವನಿಗೆ ದಣಿವು ತಿಳಿಯದು

1940. ಬ್ರಿಟನ್ನಿನ ಆಕಾಶದಲ್ಲಿ ಜರ್ಮನ್ ವಿಮಾನಗಳು. ಹಗಲಿರುಳು ಹಾರಾಟ ನಡೆಸಿದ ಪೈಲಟ್‌ಗಳು ಎಣಿಸದ ಕಡೆ ಎಡವುತ್ತಿದ್ದರು. ಕಾರಣ ಹುಡುಕಲು ಕೇಂಬ್ರಿಜ್‌ನ ಮನೋವಿಜ್ಞಾನಿ ಕೆನೆತ್ ಕ್ರೇಕ್ ಒಂದು ಸ್ಪಿಟ್‌ಫೈರ್ ವಿಮಾನದ ಕಾಕ್‌ಪಿಟ್ಟನ್ನು ಪ್ರಯೋಗಾಲಯದಲ್ಲಿ ಕೂರಿಸಿದ. ರೆಕ್ಕೆಯಿಲ್ಲ, ಎಂಜಿನ್ನಿಲ್ಲ, ಆದರೆ ಕೋಲು ಅಲುಗಾಡಿಸಿದರೆ ಮುಳ್ಳುಗಳು ನಿಜವಾದ ಹಾರಾಟದಲ್ಲಿದ್ದಂತೆಯೇ ಓಡುತ್ತಿದ್ದವು. ಪೈಲಟ್‌ಗಳನ್ನು ಅದರಲ್ಲಿ ಗಂಟೆಗಟ್ಟಲೆ ಕೂರಿಸಿ, ಮುಳ್ಳುಗಳನ್ನಷ್ಟೇ ನೋಡಿಕೊಂಡು ಹಾರಿಸುವಂತೆ ಹೇಳಲಾಯಿತು.

ಕೈಕಾಲು ಸೋಲುತ್ತವೆ, ಚಲನೆ ನಿಧಾನವಾಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಆದದ್ದು ಬೇರೆ. ಮೊದಲು ಕುಸಿದದ್ದು ಗಮನ. ಎದುರಿಗಿದ್ದ ಮುಖ್ಯ ಮುಳ್ಳುಗಳ ಮೇಲೆ ಕಣ್ಣಿತ್ತು, ಅಂಚಿನಲ್ಲಿದ್ದ ಇಂಧನದ ಮುಳ್ಳು ಮರೆತುಹೋಯಿತು. ಮೊದಲ ಗಂಟೆಯಲ್ಲಿ ಸಣ್ಣ ಓಲಾಟವನ್ನೂ ಸರಿಪಡಿಸುತ್ತಿದ್ದ ಪೈಲಟ್, ಆಮೇಲೆ ದೊಡ್ಡ ಓಲಾಟವನ್ನೂ 'ಇರಲಿ' ಎಂದು ಬಿಡತೊಡಗಿದ. ತಾನು ಚೆನ್ನಾಗಿಯೇ ಹಾರಿಸುತ್ತಿದ್ದೇನೆ, ಉಪಕರಣವೇ ಸರಿಯಿಲ್ಲ ಎಂದು ದೂರಿದ. ಇನ್ನೇನು ಇಳಿಯುವ ಹೊತ್ತು ಬಂತು ಎಂದು ಅನಿಸಿದಾಗ ತಪ್ಪುಗಳು ಒಮ್ಮೆಲೇ ಏರಿದವು. ದಣಿದವನಿಗೆ ತನ್ನ ದಣಿವು ತಿಳಿಯುವುದಿಲ್ಲ ಎಂಬುದು ಆ ಕಾಕ್‌ಪಿಟ್ಟು ಕಲಿಸಿದ ಪಾಠ. ಅಂದಮೇಲೆ 'ಎಚ್ಚರವಾಗಿರು' ಎಂದು ಆಜ್ಞೆ ಮಾಡಿ ಪ್ರಯೋಜನವಿಲ್ಲ. ಮುಖ್ಯವಾದ ಮಾಹಿತಿ ಕಣ್ಣೆದುರಿಗೆ ಇರಬೇಕು, ಅಪಾಯದ ಸೂಚನೆ ತಾನಾಗಿ ಬಂದು ಎಚ್ಚರಿಸಬೇಕು.

ಕ್ರೇಕ್ 1945ರ ಮೇ ತಿಂಗಳಲ್ಲಿ, ಯುರೋಪಿನಲ್ಲಿ ಯುದ್ಧ ಮುಗಿದ ಸಂಭ್ರಮದ ಹಿಂದಿನ ದಿನ ನಡೆದ ಸೈಕಲ್ ಅಪಘಾತದಿಂದ ತೀರಿಕೊಂಡ. ಆಗ ಅವನಿಗೆ ಮೂವತ್ತೊಂದು ವರ್ಷ.

ಅದೇ ಕೇಂಬ್ರಿಜ್‌ನಲ್ಲಿ ನಾರ್ಮನ್ ಮ್ಯಾಕ್‌ವರ್ತ್ ರೇಡಾರ್ ನೋಡುವವರ ಕಷ್ಟವನ್ನು ಕೈಗೆತ್ತಿಕೊಂಡ. ಸಮುದ್ರದ ಮೇಲೆ ಗಸ್ತು ತಿರುಗುವ ವಿಮಾನಗಳಲ್ಲಿ ಕೂತವರು ಪರದೆಯ ಮೇಲೆ ಮೂಡಿದ ಸಬ್‌ಮರೀನಿನ ಚುಕ್ಕೆಯನ್ನೇ ಕಾಣದೆ ಬಿಡುತ್ತಿದ್ದರು. ಮ್ಯಾಕ್‌ವರ್ತ್ ಒಂದು ಖಾಲಿ ಗಡಿಯಾರ ಮಾಡಿದ. ಅಂಕಿಗಳಿಲ್ಲದ ಬಿಳಿ ಮುಖ, ಹೆಜ್ಜೆಹೆಜ್ಜೆಯಾಗಿ ಕದಲುವ ಒಂದೇ ಮುಳ್ಳು. ಯಾವಾಗಲೋ ಒಮ್ಮೆ ಅದು ಒಂದರ ಬದಲು ಎರಡು ಹೆಜ್ಜೆ ಹಾರುತ್ತಿತ್ತು. ನೋಡುವವನು ಅದನ್ನು ಹಿಡಿಯಬೇಕು. ಎರಡು ಗಂಟೆಯ ಈ ಕಾವಲಿನಲ್ಲಿ ಮೊದಲ ಅರ್ಧ ಗಂಟೆ ದಾಟಿದ ಕೂಡಲೇ ತಪ್ಪಿಸಿಕೊಂಡ ಹಾರಿಕೆಗಳು ಎದ್ದುಕಾಣುವಷ್ಟು ಹೆಚ್ಚಾದವು. 1948ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿಗೂ ಪರದೆ ಕಾಯುವ ಪ್ರತಿಯೊಬ್ಬನಿಗೂ ಅನ್ವಯಿಸುತ್ತದೆ, ಅವನು ಗಡಿಯಲ್ಲಿರಲಿ, ವಿಮಾನ ನಿಲ್ದಾಣದಲ್ಲಿರಲಿ.

ಒಂದೇ ತರದ ಎರಡು ಸ್ವಿಚ್ಚು

ಈ ಕತೆಯ ಅತಿ ದೊಡ್ಡ ತಿರುವು ಬಂದದ್ದು 1943ರಲ್ಲಿ, ಅಮೆರಿಕದ ಡೇಟನ್ ಬಳಿಯ ರೈಟ್ ಫೀಲ್ಡ್‌ನಲ್ಲಿ. ಬಿ-17 ಬಾಂಬರ್‌ಗಳು ಬಾಂಬ್ ಹಾಕಿ, ಗುಂಡಿನ ಮಳೆಯಿಂದ ತಪ್ಪಿಸಿಕೊಂಡು, ಕ್ಷೇಮವಾಗಿ ನೆಲಮುಟ್ಟಿ, ರನ್‌ವೇ ಮೇಲೆ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಕಾಲು ಮಡಚಿಕೊಂಡು ಹೊಟ್ಟೆಯ ಮೇಲೆ ಬೀಳುತ್ತಿದ್ದವು. ಯಂತ್ರದಲ್ಲಿ ದೋಷ ಸಿಗಲಿಲ್ಲ. ಪೈಲಟ್ ತಾನೇ ಗಾಲಿಗಳನ್ನು ಒಳಕ್ಕೆ ಎಳೆದುಕೊಂಡಿದ್ದ. ತನಿಖೆಯ ಷರಾ ಒಂದೇ: ಪೈಲಟ್‌ನ ತಪ್ಪು.

ಅಲ್ಫಾನ್ಸ್ ಚಪಾನಿಸ್ ಎಂಬ ತರುಣ ಮನೋವಿಜ್ಞಾನಿ ಈ ಷರಾವನ್ನು ಒಪ್ಪಲಿಲ್ಲ. ಸಿ-47 ಸಾಗಣೆ ವಿಮಾನದ ಪೈಲಟ್‌ಗಳೂ ಅದೇ ತರಬೇತಿಯವರು, ಅಷ್ಟೇ ದಣಿದವರು. ಅವರೇಕೆ ಈ ತಪ್ಪು ಮಾಡುವುದಿಲ್ಲ? ಆತ ಬಿ-17ರ ಕಾಕ್‌ಪಿಟ್ಟಿನೊಳಗೆ ಹೋಗಿ ನೋಡಿದ. ಇಳಿದ ಮೇಲೆ ಮಡಚಬೇಕಾದ ರೆಕ್ಕೆಯ ಫ್ಲ್ಯಾಪ್‌ನ ಸ್ವಿಚ್ಚು, ಆಗ ಮುಟ್ಟಲೇಬಾರದ ಗಾಲಿಯ ಸ್ವಿಚ್ಚು, ಎರಡೂ ಅಕ್ಕಪಕ್ಕ. ಎರಡರದೂ ಒಂದೇ ಆಕಾರ, ಒಂದೇ ಗಾತ್ರ. ಕತ್ತಲಲ್ಲಿ, ಕಣ್ಣು ರನ್‌ವೇ ಮೇಲಿರುವಾಗ, ಬೆರಳಿಗೆ ಅವುಗಳ ನಡುವೆ ವ್ಯತ್ಯಾಸವೇ ಸಿಗದು. ಸಿ-47ರಲ್ಲಿ ಅವೆರಡೂ ಬೇರೆ ಬೇರೆ ಕಡೆ, ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವಂಥವು.

ಪರಿಹಾರ ಪುಡಿಗಾಸಿನದು. ಗಾಲಿಯ ಸ್ವಿಚ್ಚಿನ ತುದಿಗೆ ಪುಟ್ಟ ರಬ್ಬರ್ ಗಾಲಿ, ಫ್ಲ್ಯಾಪ್‌ನ ಸ್ವಿಚ್ಚಿಗೆ ಬೆಣೆಯಾಕಾರದ ತುಂಡು. ಬೆರಳು ಮುಟ್ಟಿದೊಡನೆ ತಿಳಿಯುತ್ತಿತ್ತು. ಅಪಘಾತಗಳು ನಿಂತವು. ಇವತ್ತು ನಾವು ಹತ್ತುವ ಪ್ರಯಾಣಿಕ ವಿಮಾನಗಳಲ್ಲೂ ಗಾಲಿ ಇಳಿಸುವ ಹಿಡಿಕೆ ಗಾಲಿಯ ಆಕಾರದಲ್ಲೇ ಇರುತ್ತದೆ, ಅದು ನಿಯಮ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್, ಪೈಲಟ್‌ಗಳು ಹೇಳಿಕೊಂಡ 460 ತಪ್ಪುಗಳನ್ನು ಜರಡಿ ಹಿಡಿದರು. ಅರ್ಧದಷ್ಟು ಒಂದೇ ಜಾತಿಯವು: ಒಂದು ಹಿಡಿಕೆಯ ಬದಲು ಇನ್ನೊಂದನ್ನು ಎಳೆದದ್ದು. 'ಪೈಲಟ್‌ನ ತಪ್ಪು' ಎಂದು ಮುಚ್ಚಿಹೋಗುತ್ತಿದ್ದ ಕಡತಗಳಲ್ಲಿ ಬಹುಪಾಲು ನಕ್ಷೆ ಬರೆದವರ ತಪ್ಪುಗಳೇ ಇದ್ದವು. ನನ್ನ ಮಟ್ಟಿಗೆ, ಮನುಷ್ಯನಿಗೆ ತಕ್ಕಂತೆ ಯಂತ್ರ ರೂಪಿಸುವ ವಿಜ್ಞಾನ ಹುಟ್ಟಿದ್ದು ಅಲ್ಲಿ.

ಸರಾಸರಿ ಮನುಷ್ಯ ಸಿಗಲಿಲ್ಲ

ಮುಂದಿನ ಏಟು ಬಿದ್ದದ್ದು ಅಳತೆಪಟ್ಟಿಗೆ. 1950ರಲ್ಲಿ ಅಮೆರಿಕದ ವಾಯುಪಡೆ ತನ್ನ 4063 ಪೈಲಟ್‌ಗಳ ಮೈ ಅಳೆಯಿತು. ಸರಾಸರಿ ತೆಗೆದು ಅದಕ್ಕೆ ತಕ್ಕ ಕಾಕ್‌ಪಿಟ್ ಮಾಡಿದರೆ ಹೆಚ್ಚಿನವರಿಗೆ ಹೊಂದುತ್ತದೆ ಎಂಬುದು ಎಲ್ಲರ ಎಣಿಕೆ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಕಿರಿಯ ಅಧಿಕಾರಿ ಒಂದು ಸರಳ ಲೆಕ್ಕ ಮಾಡಿದ. ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಹೀಗೆ ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಹುಡುಕಿದ. ನಾಲ್ಕು ಸಾವಿರ ಚಿಲ್ಲರೆ ಜನರಲ್ಲಿ ಒಬ್ಬನೂ ಸಿಗಲಿಲ್ಲ. ಉದ್ದ ತೋಳಿನವನಿಗೆ ಗಿಡ್ಡ ಕಾಲು, ಅಗಲ ಎದೆಯವನಿಗೆ ಸಣ್ಣ ಸೊಂಟ.

1952ರಲ್ಲಿ ಬಂದ ಅವನ ವರದಿ ಯಂತ್ರ ಕಟ್ಟುವವರ ದಾರಿಯನ್ನೇ ಬದಲಿಸಿತು. ಹಿಂದೆಮುಂದೆ ಸರಿಯುವ ಸೀಟು, ಹೊಂದಿಸಿಕೊಳ್ಳುವ ಪೆಡಲ್, ಉದ್ದ ಬದಲಾಯಿಸುವ ಪಟ್ಟಿ ಇವೆಲ್ಲ ಕಡ್ಡಾಯವಾದವು. ಈಗಿನ ಪದ್ಧತಿ ಹೀಗಿದೆ: ನೂರು ಜನರಲ್ಲಿ ಐದನೆಯ ಸ್ಥಾನದ ಚಿಕ್ಕ ಆಳಿನಿಂದ ತೊಂಬತ್ತೈದನೆಯ ದೊಡ್ಡ ಆಳಿನ ತನಕ ಎಲ್ಲರಿಗೂ ಹೊಂದಬೇಕು. ಗುಂಡಿ ಎಷ್ಟು ದೂರ ಎಂಬುದನ್ನು ಚಿಕ್ಕವನ ತೋಳು ತೀರ್ಮಾನಿಸುತ್ತದೆ. ತಲೆಯ ಮೇಲೆ ಎಷ್ಟು ಜಾಗ ಎಂಬುದನ್ನು ದೊಡ್ಡವನ ಎತ್ತರ ತೀರ್ಮಾನಿಸುತ್ತದೆ.

ಗಾಡಿ ಹೊರಟಾಗ

ಇಷ್ಟರವರೆಗಿನ ಕಾಕ್‌ಪಿಟ್ಟು, ಗಡಿಯಾರಗಳೆಲ್ಲ ಪ್ರಯೋಗಾಲಯದಲ್ಲಿ ನಿಂತಿದ್ದವು. ಗಾಡಿ ಓಡತೊಡಗಿದರೆ ಮನುಷ್ಯನ ಮೈ ಬೇರೆಯೇ ಆಗುತ್ತದೆ.

ಕೂತ ಮನುಷ್ಯನನ್ನು ಮೇಲೆಕೆಳಗೆ ಅಲುಗಿಸಿದಾಗ ಸೆಕೆಂಡಿಗೆ 4ರಿಂದ 8 ಕಂಪನಗಳಲ್ಲಿ ಮುಂಡ ಅತಿ ಹೆಚ್ಚು ತುಯ್ಯುತ್ತದೆ. ಕೆಳಗಿನಿಂದ ಬಂದ ಅಲುಗಾಟವನ್ನು ಮೈಯೇ ಹಿಗ್ಗಿಸುತ್ತದೆ. ಕಚ್ಚಾರಸ್ತೆಯಲ್ಲಿ ಓಡುವ ಲಾರಿ, ಟ್ರಾಕ್ಟರುಗಳ ಸೀಟು ಅಲುಗುವುದೂ ಹೆಚ್ಚುಕಡಿಮೆ ಈ ವೇಗದ ಸುತ್ತಮುತ್ತಲೇ. ಇದನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 2631 ಮೊದಲು ಬಂದದ್ದು 1974ರಲ್ಲಿ. ಅದೇ ವರ್ಷ ಓಹ್ಯಾನ್ಲನ್ ಮತ್ತು ಮೆಕಾಲಿ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದಲ್ಲಿ ನೂರಾರು ಯುವಕರನ್ನು ಮೇಲೆಕೆಳಗೆ ತೂಗುವ ಕೋಣೆಯಲ್ಲಿ ಕೂರಿಸಿ, ವಾಂತಿ ಬರಿಸುವ ತೂಗಾಟ ಯಾವುದೆಂದು ಹುಡುಕಿದರು. ಹೆಚ್ಚುಕಡಿಮೆ ಐದು ಸೆಕೆಂಡಿಗೊಮ್ಮೆ ಆಗುವ ನಿಧಾನದ ತೂಗಾಟವೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಕಂಡಿತು.

ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಕಣ್ಣು 'ಅಕ್ಷರ ನಿಂತಿದೆ' ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ 'ಮೈ ತಿರುಗುತ್ತಿದೆ' ಎನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಕಿಟಕಿಯಿಲ್ಲದ ಉಕ್ಕಿನ ಪೆಟ್ಟಿಗೆಯಲ್ಲಿ, ಗೋಡೆಗೆ ಮುಖ ಮಾಡಿ, ನಕ್ಷೆಯ ಪರದೆ ನೋಡುತ್ತ ಕೂತ ಸೈನಿಕನಿಗೆ ಅದೇ ಅವಸ್ಥೆ, ಇನ್ನೂ ತೀವ್ರವಾಗಿ. ಅಮೆರಿಕದ ಸೇನೆ 1990ರ ದಶಕದಲ್ಲಿ ಓಡುತ್ತಲೇ ಯುದ್ಧ ನಡೆಸುವ ಸಿ2ವಿ ಎಂಬ ಕಮಾಂಡ್ ವಾಹನವನ್ನು ಕಟ್ಟಿತು. ಒಳಗೆ ಸಾಲಾಗಿ ಕಂಪ್ಯೂಟರ್ ಮೇಜುಗಳು. ನಾಸಾ ಏಮ್ಸ್‌ನ ಪೆಟ್ರೀಷಿಯಾ ಕೌಯಿಂಗ್ಸ್ ಮತ್ತು ಜೊತೆಗಾರರು ಸೈನಿಕರನ್ನು ಅದರಲ್ಲಿ ಕೂರಿಸಿ ಪರೀಕ್ಷಿಸಿದರು. ಗಾಡಿ ಓಡುವಾಗ ಹೊಟ್ಟೆ ತೊಳಸುವುದರ ಜೊತೆಗೆ ಮಂಪರು ಕವಿಯಿತು, ಕೆಲಸದ ಗುಣಮಟ್ಟ ಇಳಿಯಿತು. ಕುರ್ಚಿಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೂ ದೊಡ್ಡ ಉಪಕಾರವಾಗಲಿಲ್ಲ. ಕುರ್ಚಿಯೊಂದನ್ನೇ ಸರಿಮಾಡಿದರೆ ಸಾಲದು. ಓಡುವಾಗ ಯಾವ ಕೆಲಸ ಕೊಡಬೇಕು, ಯಾವುದನ್ನು ಗಾಡಿ ನಿಂತ ಮೇಲೆ ಮಾಡಿಸಬೇಕು ಎಂಬುದನ್ನೂ ವಿನ್ಯಾಸಕಾರ ತೀರ್ಮಾನಿಸಬೇಕು.

ಈಗ ಎಲ್ಲೆಲ್ಲೂ ಟಚ್‌ಸ್ಕ್ರೀನ್. ಓಡುವ ಲಾರಿಯಲ್ಲಿ ಅದರ ಮುಂದೆ ಕೈ ಚಾಚಿದವನನ್ನು ಗಮನಿಸಿ. ತೋಳು ಗಾಳಿಯಲ್ಲಿದೆ, ಬೆರಳ ತುದಿ ಪರದೆಯೆದುರು ನಡುಗುತ್ತಿದೆ, ಮುಟ್ಟಬೇಕಾದ ಚೌಕ ಬಿಟ್ಟು ಪಕ್ಕದ್ದು ಒತ್ತಿಹೋಗುತ್ತದೆ. ಪರದೆಯ ಕೆಳಗೆ ಮಣಿಕಟ್ಟು ಊರಲು ಒಂದು ಅಂಚು ಕೊಟ್ಟರೆ ಅರ್ಧ ಕಷ್ಟ ಕಳೆಯುತ್ತದೆ. ಚೌಕಗಳನ್ನು ದೊಡ್ಡದು ಮಾಡಿ, ನಡುವೆ ಜಾಗ ಬಿಟ್ಟು, ಮುಖ್ಯ ಆಜ್ಞೆಗಳಿಗೆ ಬೆರಳಿಗೆ ತಾಗುವ ನಿಜವಾದ ಗುಂಡಿ ಉಳಿಸಿದರೆ ಉಳಿದರ್ಧವೂ ಹಗುರ.

ಪುಣೆಯ ಯಂತ್ರಗಳಲ್ಲಿ

ಈಗ ಪಿನಾಕದ ಕ್ಯಾಬಿನ್ನಿಗೆ ಬರೋಣ. 1980ರ ದಶಕದ ನಡುವಿನಲ್ಲಿ ಕೆಲಸ ಶುರುವಾಗಿ, 1999ರ ಕಾರ್ಗಿಲ್ ಯುದ್ಧದಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯ ಲಾಂಚರನ್ನು ನಾಲ್ಕು ರೀತಿಯಲ್ಲಿ ನಡೆಸಬಹುದು. ಮೊದಲನೆಯದರಲ್ಲಿ ಕಮಾಂಡ್ ಪೋಸ್ಟಿನ ಕಂಪ್ಯೂಟರಿನಿಂದ ಬಂದ ಆಜ್ಞೆಯಂತೆ ಲಾಂಚರ್ ತಾನೇ ಗುರಿ ಹಿಡಿಯುತ್ತದೆ. ಒಳಗಿರುವವನಿಗೆ ಏನಾಗುತ್ತಿದೆ ಎಂಬುದನ್ನು ಪರದೆ, ದೀಪಗಳು ತೋರಿಸುತ್ತಿರುತ್ತವೆ. ಆ ಕೊಂಡಿ ಇಲ್ಲದಾಗ ಕ್ಯಾಬಿನ್ನಿನವನೇ ಕನ್ಸೋಲಿನಲ್ಲಿ ಅಂಕಿಗಳನ್ನು ತುಂಬಿ ನಡೆಸಬಹುದು. ಮೂರನೆಯದರಲ್ಲಿ, ಕೈಯಲ್ಲಿ ಹಿಡಿದ ಪೆಟ್ಟಿಗೆಯೊಂದಿಗೆ ಹೊರಗಿಳಿದು ಸುಮಾರು 200 ಮೀಟರ್ ದೂರದಿಂದ ನಿಯಂತ್ರಿಸಬಹುದು. ಕಂಪ್ಯೂಟರೂ ಕೈಕೊಟ್ಟಿತು, ಕರೆಂಟೂ ಇಲ್ಲ ಎಂದಾಗ ಎಲ್ಲವನ್ನೂ ಕೈಯಿಂದಲೇ ಮಾಡುವುದು ನಾಲ್ಕನೆಯದು.

ಈ ನಾಲ್ಕನೆಯ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಯಂತ್ರ ಸೋಲಬಹುದು ಎಂದು ಯಂತ್ರ ಕಟ್ಟಿದವರೇ ಒಪ್ಪಿಕೊಂಡು, ಕೊನೆಯ ಮಾತನ್ನು ಮನುಷ್ಯನ ಕೈಗೆ ಬಿಟ್ಟಿದ್ದಾರೆ. ರಾಕೆಟ್ ಹಾರುವಾಗ ಲಾರಿ ತೂಗಾಡದಂತೆ ನಾಲ್ಕು ಹೈಡ್ರಾಲಿಕ್ ಕಾಲುಗಳು ನೆಲಕ್ಕೆ ಊರುತ್ತವೆ. ವಿಷಾನಿಲ, ವಿಕಿರಣದಿಂದ ಕ್ಯಾಬಿನ್ನಿಗೆ ರಕ್ಷಣೆಯಿದೆ. ಚಾಲಕನಿಗೂ ಸಿಬ್ಬಂದಿಗೂ ಇರುಳಲ್ಲಿ ನೋಡುವ ಸಾಧನಗಳಿವೆ.

ದಿಘಿಯಲ್ಲಿ ರೂಪುಗೊಂಡ 'ದಕ್ಷ' ಮನುಷ್ಯನನ್ನು ಅಪಾಯದಿಂದ ಇನ್ನೂ ದೂರ ಕೂರಿಸಿತು. ಬಾಂಬಿನ ಬಳಿಗೆ ಹೋಗುವುದು ಮೆಟ್ಟಿಲು ಹತ್ತಬಲ್ಲ ಈ ರೋಬಾಟ್. ನಡೆಸುವವನು 500 ಮೀಟರ್‌ವರೆಗಿನ ದೂರದಲ್ಲಿ ನಿಯಂತ್ರಣ ಕೇಂದ್ರದ ಮುಂದಿರುತ್ತಾನೆ. ಎಕ್ಸ್‌ರೇ ತೆಗೆದು ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡಬಹುದು, ನೀರಿನ ಧಾರೆಯಿಂದ ಬಾಂಬನ್ನು ಛಿದ್ರಗೊಳಿಸಬಹುದು. 2011ರ ಡಿಸೆಂಬರ್‌ನಲ್ಲಿ ಮೊದಲ ಕಂತಿನ ಐದು ದಕ್ಷಗಳು ಸೇನೆಯ ಕೈಸೇರಿದವು. ಜೀವಕ್ಕೆ ಅಪಾಯ ತಗ್ಗಿತು, ಕೆಲಸ ಮಾತ್ರ ಸುಲಭವಾಗಲಿಲ್ಲ. ಬಾಂಬ್ ನಿಷ್ಕ್ರಿಯಗೊಳಿಸುವವನು ತನ್ನ ಬೆರಳಿನಿಂದ ಅರಿಯುತ್ತಿದ್ದುದನ್ನೆಲ್ಲ ಈಗ ಕ್ಯಾಮೆರಾದ ಚಪ್ಪಟೆ ಚಿತ್ರದಿಂದಲೇ ಊಹಿಸಬೇಕು. ಚಿಮುಟ ವಸ್ತುವಿಗೆ ಎಷ್ಟು ಹತ್ತಿರವಿದೆ, ಎಷ್ಟು ಬಲವಾಗಿ ಹಿಡಿದಿದೆ ಎಂಬುದು ಪರದೆಯಲ್ಲಿ ಸುಲಭವಾಗಿ ಕಾಣದು. ಇಂಥ ಯಂತ್ರದ ಗೆಲುವು ಸೋಲು ನಿಂತಿರುವುದು ಆ ನಿಯಂತ್ರಣ ಮೇಜಿನ ಮೇಲೆ.

ನಮ್ಮ ಮೈಯಳತೆಯ ಲೆಕ್ಕವೂ ಪುಣೆಯಲ್ಲಿ ನಡೆದಿದೆ. ವೇತಾಳ ಗುಡ್ಡದ ಮೇಲಿರುವ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ, 'ಸೈಜ್ ಇಂಡಿಯಾ' ಎಂಬ ಯೋಜನೆಯಲ್ಲಿ ಭಾರತೀಯರ ಮೈಯನ್ನು ಮೂರು ಆಯಾಮದ ಸ್ಕ್ಯಾನರಿನಿಂದ ಅಳೆಯಿತು. ಅದಕ್ಕೂ ಮೊದಲು, 1997ರಲ್ಲಿ, ದೇಬ್‌ಕುಮಾರ್ ಚಕ್ರವರ್ತಿಯವರ ಭಾರತೀಯ ಮೈಯಳತೆಗಳ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಪ್ರಕಟಿಸಿತ್ತು. ಬೆಂಗಳೂರಿನಲ್ಲಿ 1957ರಿಂದ ಇರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಹಾರುವವರ ಮೈಯನ್ನು ಅಭ್ಯಸಿಸುತ್ತ ಬಂದಿದೆ. ಈ ಅಳತೆಗಳು ಯಾಕೆ ಮುಖ್ಯವೆಂದರೆ, ಹೊರದೇಶದ ಯಂತ್ರ ಬಂದಾಗ ಅದರ ಜೊತೆಗೆ ಆ ದೇಶದವರ ಮೈಯೂ ಹವಾಮಾನವೂ ಬರುತ್ತವೆ. ಯುರೋಪಿನ ತಂಪಿನ ಯುದ್ಧಭೂಮಿಗೆಂದು ಸೋವಿಯತ್ ಒಕ್ಕೂಟ ಕಟ್ಟಿದ ಟಿ-72 ಟ್ಯಾಂಕಿನ ಇಕ್ಕಟ್ಟಿನಲ್ಲಿ ರಾಜಸ್ಥಾನದ ಬೇಸಿಗೆ ಕಳೆಯುವುದೆಂದರೆ ಏನೆಂದು ನಮ್ಮ ಟ್ಯಾಂಕ್ ಸಿಬ್ಬಂದಿಯನ್ನು ಕೇಳಬೇಕು. ಕೊಡಗಿನವನೂ ಗೂರ್ಖನೂ ಪಂಜಾಬಿನವನೂ ಸರದಿಯಂತೆ ಕೂರುವ ಒಂದೇ ಕುರ್ಚಿಗೆ ಡೇನಿಯಲ್ಸ್ ಕಂಡುಕೊಂಡ ಪಾಠ ಬೇರೆಲ್ಲಕ್ಕಿಂತ ಹೆಚ್ಚು ಒಪ್ಪುತ್ತದೆ.

ಮಾಡಬೇಕಾದ್ದು ಸ್ಪಷ್ಟವಿದೆ. ಲಾರಿಯ ಅಗಲ ಎರಡೂವರೆ ಮೀಟರಿನ ಆಸುಪಾಸು. ಅದರಲ್ಲಿ ರೇಡಿಯೊ, ಕಂಪ್ಯೂಟರ್, ಏಸಿ, ಜನರೇಟರ್ ಎಲ್ಲ ಜೋಡಿಸಿ ಉಳಿದ ಮೂಲೆಗೆ ಮನುಷ್ಯನನ್ನು ತುರುಕುವ ಚಾಳಿ ಬಿಡಬೇಕು. ಮೊದಲು ಮನುಷ್ಯನಿಗೆ ಜಾಗ ಗುರುತಿಸಿ, ಆಮೇಲೆ ಪೆಟ್ಟಿಗೆಗಳನ್ನು ಸುತ್ತ ಜೋಡಿಸಬೇಕು. ಉಕ್ಕು ಕತ್ತರಿಸುವ ಮೊದಲೇ ಪ್ಲೈವುಡ್ಡಿನ ಮಾದರಿ ಕಟ್ಟಿ, ನಿಜವಾದ ಹವಾಲ್ದಾರನನ್ನು ಪೂರ್ತಿ ಉಡುಪಿನಲ್ಲಿ, ಗವಸು ಹಾಕಿಸಿ, ಕೂರಿಸಿ ನೋಡಬೇಕು. ಮಾದರಿಯನ್ನು ಲಾರಿಯ ಮೇಲೇರಿಸಿ ಕಚ್ಚಾರಸ್ತೆಯಲ್ಲಿ ರಾತ್ರಿಯಿಡೀ ಓಡಿಸಿ, ಬೆಳಗಿನ ಜಾವ ಅವನ ತಪ್ಪುಗಳನ್ನು ಎಣಿಸಬೇಕು. ಎಣಿಸುವುದು ಅವನನ್ನು ದಂಡಿಸಲಿಕ್ಕಲ್ಲ, ನಕ್ಷೆ ತಿದ್ದಲಿಕ್ಕೆ. ಸೇನೆಗೆ ಯಂತ್ರ ಮಾಡಿಕೊಡುವ ಖಾಸಗಿ ಕಂಪನಿಗಳು ಪುಣೆಯಲ್ಲೂ ಬೆಂಗಳೂರಿನಲ್ಲೂ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ಈ ಪರೀಕ್ಷೆ ಟೆಂಡರಿನ ಷರತ್ತಾಗಬೇಕು. ಹುಬ್ಬಳ್ಳಿ, ಬೆಳಗಾವಿ, ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗೇರು, ಮೋಟಾರುಗಳ ಜೊತೆಗೆ ಮನುಷ್ಯನ ತೋಳು, ಕಣ್ಣು, ಗಮನಗಳೂ ಪಠ್ಯವಾಗಬೇಕು.

ಕೆಲಸದ ಜಾಗದಲ್ಲಿ ಯಾರಾದರೂ ತಪ್ಪು ಗುಂಡಿ ಒತ್ತಿದರೆಂದು ಕೇಳಿದಾಗ, ಅದು ಸೇನೆಯಾಗಲಿ, ಆಸ್ಪತ್ರೆಯಾಗಲಿ, ಕಾರ್ಖಾನೆಯಾಗಲಿ, ಒತ್ತಿದವನ ಹೆಸರು ಕೇಳುವ ಮೊದಲು ಆ ಗುಂಡಿಯ ಪಕ್ಕ ಏನಿತ್ತು ಎಂದು ಕೇಳಿ. ಚಪಾನಿಸ್ 1943ರಲ್ಲಿ ಕೇಳಿದ್ದು ಅಷ್ಟನ್ನೇ, ಅದರಿಂದ ಉಳಿದ ಜೀವಗಳು ಬಹಳ.